ಪಟ್ಟಿಯಲ್ಲಿ ಇಲ್ಲದ ನಾಲ್ಕು ಅಕ್ಷರ

ಕಳೆದ ಡಿಸೆಂಬರ್ ತಿಂಗಳ ಮೂರನೇ ಮಂಗಳವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ, ವನಗೂರಿನ ಮೇಲ್ಭಾಗದ ಒಂದು ಕಾಫಿ ಎಸ್ಟೇಟಿನ ಸ್ಟೋರಿನಲ್ಲಿ ಕಾಫಿ ಹೆಕ್ಕುತ್ತಿದ್ದ ಆರು ಹೆಂಗಸರಲ್ಲಿ ಇಬ್ಬರು ಕುಳಿತಲ್ಲೇ ಕುಸಿದರು. ಅವರಲ್ಲಿ ಒಬ್ಬರು ಸ್ಟೋರಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಹೆಂಗಸು. ಆ ಎಸ್ಟೇಟಿನಲ್ಲಿ ಚೀನೀ ಅಕ್ಷರಗಳನ್ನು ಗುರುತಿಸಬಲ್ಲವರು ಇಬ್ಬರೇ ಇದ್ದೆವು. ಅವರು ಒಬ್ಬರು, ಅಲ್ಲಿನ ರೈಟರ್ ಆದ ನಾನು ಇನ್ನೊಬ್ಬ. ಇಬ್ಬರಲ್ಲಿ ಅವರೇ ಜಾಣೆ.

ಎಸ್ಟೇಟಿನಲ್ಲಿ ರೈಟರ್ ಎಂದರೆ ಹಾಜರಿ, ಕೆಲಸದ ಹಂಚಿಕೆ, ಮಳೆಯ ಅಳತೆ ಬರೆದಿಡುವವನು. ಅದಕ್ಕೂ ಮೊದಲು ನಾನು ಹಾಸನದಲ್ಲಿ ಒಂದು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಅಲ್ಲಿಂದ ತಂದ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು: ಎರಡು ಕಡೆಯಿಂದ ಖಚಿತವಾಗದ ಯಾವುದನ್ನೂ ಬರೆಯುವುದಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಒಂದು ಲಾರಿಯಲ್ಲಿ ಕಾಫಿ ಒಣಗಿಸುವ ಯಂತ್ರ ಬಂತು. ಸೆಕೆಂಡ್ ಹ್ಯಾಂಡ್. ಎರಡಾಳು ಎತ್ತರದ ಡ್ರಮ್ಮು, ಅದಕ್ಕೆ ಬಿಸಿಗಾಳಿ ಊದುವ ಒಲೆ, ಒಲೆಯ ಹೊಗೆ ಹೊರಹೋಗಲು ಕಬ್ಬಿಣದ ಚಿಮಣಿ. ಒಲೆಗೆ ಸಿಲ್ವರ್ ಓಕ್ ಸೌದೆ ಮತ್ತು ಕಾಫಿ ಹೊಟ್ಟು. ಚಿಮಣಿಯ ತುದಿಗೆ ಇರಬೇಕಾದ ಟೋಪಿ ಬರುವಾಗಲೇ ಇರಲಿಲ್ಲ. ಕೈಪಿಡಿಯೂ ಇರಲಿಲ್ಲ. ಡ್ರಮ್ಮಿನ ಪಕ್ಕದ ಪೆಟ್ಟಿಗೆಯಲ್ಲಿ ಅಂಗೈ ಅಗಲದ ಒಂದು ಪರದೆ, ಅದರ ಕೆಳಗೆ ಒಂಬತ್ತು ಗುಂಡಿ. ಗುಂಡಿಗಳ ಮೇಲೂ ಪರದೆಯ ಮೇಲೂ ಇದ್ದದ್ದು ಚೀನೀ ಬರಹ ಮಾತ್ರ.

ಮಾಲೀಕರು ನನ್ನನ್ನು ಕರೆಸಿದರು.

"ಪೇಪರ್‌ನಲ್ಲಿ ಇದ್ದೋರು ನೀವು. ಒಂದೀಟು ಓದಿ ಹೇಳಿ."

"ಇದು ಚೀನಿ ಸಾರ್. ನಂಗೆ ಬರಲ್ಲ."

"ನಮ್ ಮೇಸ್ತ್ರಿಗೆ ಕನ್ನಡಾನೇ ಓದಕ್ಕೆ ಬರಲ್ಲ, ಹದಿನೆಂಟು ವರ್ಷದಿಂದ ಪಲ್ಪರ್ ಓಡಿಸ್ತಿಲ್ವೇನ್ರೀ. ಕಲ್ತ್ಕಳಿ."

ಮೇಸ್ತ್ರಿ ಅಲ್ಲೇ ನಿಂತಿದ್ದರು. ಅವರಿಗೆ ಬೇಸರವಾದಂತೆ ಕಾಣಲಿಲ್ಲ. "ರೈಟ್ರೇ, ಇದೊಂದು ಕೆಂಪು ಗುಂಡಿ ಐತಲ್ಲ, ಇದ್ನ ಒತ್ತಿದ್ರೆ ಮಿಷನ್ ಕೂಗಾದು ನಿಲ್ತದೆ. ಅಷ್ಟು ನಾನು ಕಂಡ್ಕಂಡಿದ್ದೀನಿ. ಉಳಿದಿದ್ದು ನೀವು ನೋಡ್ಕಳಿ ಮಾರಾಯ್ರೇ" ಎಂದರು.

ಮೊದಲು ಸುಲಭದ ದಾರಿಗಳನ್ನು ನೋಡಿದೆ. ಮೊಬೈಲ್ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿದರೆ, ಗುಂಡಿಗಳ ಮೇಲಿನ ಬಣ್ಣ ಅರ್ಧ ಸವೆದಿದ್ದರಿಂದ ಒಂದೊಂದು ಸಲ ಒಂದೊಂದು ಅರ್ಥ ಬಂತು. ಪರದೆಯ ಅಕ್ಷರಗಳು ಬಲದಿಂದ ಎಡಕ್ಕೆ ಹರಿಯುತ್ತಿದ್ದವು, ಮಿನುಗುತ್ತಿದ್ದವು. ಕ್ಯಾಮೆರಾಕ್ಕೆ ಅವು ಗೆರೆಗಳಾಗಿ ಒಡೆದು ಕಾಣುತ್ತಿದ್ದವು. ಬೆರಳಲ್ಲಿ ಬರೆದು ಹುಡುಕೋಣವೆಂದರೆ, ಯಾವ ಗೆರೆ ಎಲ್ಲಿಂದ ಎಲ್ಲಿಗೆಂದು ಆಗ ಗೊತ್ತಿಲ್ಲದ ನನ್ನ ಬರಹವನ್ನು ಮೊಬೈಲು ಗುರುತಿಸಲಿಲ್ಲ. ಮಾರಿದವರಿಗೆ ಫೋನ್ ಮಾಡಿದೆ. ಅವರು ಒಂದು ಹಾಳೆಯ ಚಿತ್ರ ಕಳಿಸಿದರು. ಅದೂ ಚೀನಿಯಲ್ಲಿತ್ತು, ಬೇರೆ ಯಂತ್ರದ್ದು.

ಹೀಗಾಗಿ ಅಕ್ಷರ ಕಲಿಯುವುದೊಂದೇ ಉಳಿಯಿತು. ಪಾಠದ ಆ್ಯಪುಗಳು ನಮಸ್ಕಾರ, ನಿಮ್ಮ ಹೆಸರೇನು ಎಂದು ಶುರುವಾಗುತ್ತಿದ್ದವು. ನನಗೆ ಮಾತು ಬೇಕಿರಲಿಲ್ಲ, ಅಕ್ಷರದ ಮುಖ ಪರಿಚಯವಾದರೆ ಸಾಕಿತ್ತು. ಹುಡುಕಿದಾಗ ಮಕ್ಕಳಿಗೆಂದು ಮಾಡಿದ ಆನ್‌ಲೈನ್ ಆಟಗಳು ಸಿಕ್ಕವು. ಎರಡನ್ನು ಆರಿಸಿಕೊಂಡೆ. ಒಂದರಲ್ಲಿ ಮೇಲಿನಿಂದ ಅಕ್ಷರಗಳು ಉದುರುತ್ತವೆ. ಕೆಳಗೆ ನಾಲ್ಕು ಚಿತ್ರ. ಅಕ್ಷರ ನೆಲ ಮುಟ್ಟುವ ಮೊದಲು ಅದರ ಚಿತ್ರವನ್ನು ಒತ್ತಬೇಕು. ಇದಕ್ಕೆ ನೆಟ್‌ವರ್ಕ್ ಇರಲೇಬೇಕು. ಇನ್ನೊಂದು ಜೋಡಿ ಹುಡುಕುವ ಆಟ: ಮಗುಚಿಟ್ಟ ಇಸ್ಪೀಟಿನಂಥ ಎಲೆಗಳಲ್ಲಿ ಅಕ್ಷರವನ್ನೂ ಅದರ ಚಿತ್ರವನ್ನೂ ಹುಡುಕಿ ಕೂಡಿಸಬೇಕು. ಇದನ್ನು ಮೊಬೈಲಿಗೆ ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದೆಯೂ ಆಡಬಹುದು. ಒಟ್ಟು ನಲವತ್ತು ಹಂತ, ಹಂತಕ್ಕೆ ಹತ್ತು ಜೋಡಿ, ಹೊತ್ತು ಮುಗಿಯುವುದರೊಳಗೆ ಏಳನ್ನಾದರೂ ಕೂಡಿಸದೆ ಮುಂದಿನದು ತೆರೆಯುವುದಿಲ್ಲ.

ಎಸ್ಟೇಟಿನಲ್ಲಿ ಸಿಗ್ನಲ್ ಸಿಗುವುದು ಒಂದೇ ಕಡೆ, ಸ್ಟೋರಿನಿಂದ ಮೇಲೆ ಹತ್ತುವ ಜೀಪು ರಸ್ತೆಯ ಎರಡನೇ ತಿರುವಿನಲ್ಲಿ. ಬೆಳಿಗ್ಗೆ ಹಾಜರಿ ಮುಗಿಸಿ ನಾನು ಅಲ್ಲಿಗೆ ಹೋಗುತ್ತಿದ್ದೆ. ಸ್ಟೋರಿನ ಹೆಂಗಸೂ ಅದೇ ಹೊತ್ತಿಗೆ ಬರುತ್ತಿದ್ದರು. ಅವರ ಊರು ಮಗ್ಗೆ. ಹಾಸನದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಮಗಳಿಗೆ ಅಲ್ಲಿಂದಲೇ ಫೋನ್ ಮಾಡುತ್ತಿದ್ದರು. ನಾಲ್ಕನೇ ದಿನವೋ ಐದನೇ ದಿನವೋ, ಮಾತು ಮುಗಿಸಿ ನನ್ನ ಹಿಂದೆ ಬಂದು ನಿಂತರು.

"ಎಂಥದು ರೈಟ್ರೇ ಇದು, ಕಡ್ಡಿ ಕಡ್ಡಿ ಉದುರ್ತಾವೆ?"

"ಚೀನಿ ಅಕ್ಷರ ಅಕ್ಕ. ಮಿಷನ್ ಓದಕ್ಕೆ ಕಲೀತಿದ್ದೀನಿ."

ಬಗ್ಗಿ ಒಂದು ಆಟ ಪೂರ್ತಿ ನೋಡಿದರು. ಆಮೇಲೆ, "ಬಾಗ್ಲಿನ ಅಕ್ಷರ ಮೂರು ಸಲ ಬಿತ್ತು. ನೀವು ನೋಡ್ತಾ ಕುಂತ್ಬುಟ್ರಿ" ಎಂದರು.

ಮೊಬೈಲು ಅವರ ಕೈಗೆ ಕೊಟ್ಟೆ. ಮೊದಲ ಆಟದಲ್ಲೇ ನನ್ನ ಅಂಕ ದಾಟಿದರು. ನಾನು ಒಂದು ಅಕ್ಷರ ನೋಡಿ, ಅದರ ಗೆರೆ ಎಣಿಸಿ, ನೆನಪಿಸಿಕೊಂಡು ಒತ್ತುತ್ತಿದ್ದೆ. ಅವರು ಎಣಿಸುತ್ತಿರಲಿಲ್ಲ. ಹೇಗೆ ಎಂದು ಕೇಳಿದೆ.

"ಮೊರದ ತುಂಬ ಕಾಳಲ್ಲಿ ಹುಳ ಕೊರೆದಿದ್ದು ಒಂದೇ ಒಂದು ಕಾಳು ಹೆಕ್ಕಬೇಕು. ಅದ್ನ ಇಪ್ಪತ್ತು ವರ್ಷ ಮಾಡೀವ್ನಿ. ಇವು ಅದಕ್ಕಿಂತ ದಪ್ಪಕ್ಕವೆ ಕಣಣ್ಣ."

ಅವರು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆಟ ಹೇಳುವ ಉಚ್ಚಾರವನ್ನೂ ಹಿಡಿದುಕೊಂಡರು. ವಾರದೊಳಗೆ ಸ್ಟೋರಿನ ಹೆಂಗಸರಿಗೆ "ಒಂದು ಲೋಟ ಶ್ವೇ ತಗಂಬಾರೆ" ಎನ್ನತೊಡಗಿದರು. ಶ್ವೇ ಎಂದರೆ ನೀರು. "ಇವ್ಳಿಗೆ ಚೀನಾದೋನೇ ಸಿಕ್ಬುಟ್ಟವ್ನೆ" ಎಂದು ಉಳಿದವರು ನಗುತ್ತಿದ್ದರು.

ನವೆಂಬರ್ ಪೂರ್ತಿ ಹೀಗೆ ನಡೆಯಿತು. ಯಂತ್ರದ ಪರದೆಯಲ್ಲಿ ಕಂಡ ಬರಹವನ್ನು ನಾನು ಕಾಗದದಲ್ಲಿ ಬರೆದುಕೊಳ್ಳುತ್ತಿದ್ದೆ. ಎರಡೂ ಆಟಗಳಲ್ಲಿ ಅದೇ ಅರ್ಥ ಸಿಕ್ಕರೆ ಮಾತ್ರ ಪಟ್ಟಿಗೆ ಸೇರಿಸುತ್ತಿದ್ದೆ. ಪಟ್ಟಿಯನ್ನು ಪ್ಲಾಸ್ಟಿಕ್ ಹೊದಿಸಿ ಪೆಟ್ಟಿಗೆಯ ಪಕ್ಕ ಅಂಟಿಸಿದೆ. ಎಡಗಡೆ ಚೀನೀ ಅಕ್ಷರ. ಬಲಗಡೆ ಕನ್ನಡ ಓದಬಲ್ಲವರಿಗೆ ಕನ್ನಡ, ಮೇಸ್ತ್ರಿಗೆ ಚಿತ್ರ: ಬಿಸಿ ಹೆಚ್ಚಾಯಿತು, ಬಿಸಿ ಕಡಿಮೆ, ಬಾಗಿಲು ತೆರೆದಿದೆ, ಮೋಟಾರ್ ನಿಂತಿದೆ, ಹೀಗೆ ಹನ್ನೊಂದು. ಪಟ್ಟಿ ಕೆಲಸ ಮಾಡಿತು. ಒಂದು ಸಲ ಮೋಟಾರಿನ ಬೆಲ್ಟ್ ಜಾರಿದ್ದನ್ನು ಮೇಸ್ತ್ರಿ ಪರದೆ ನೋಡಿಯೇ ಕಂಡುಹಿಡಿದರು. ಮಾಲೀಕರು ನೆಂಟರನ್ನು ಕರೆತಂದು ಪಟ್ಟಿ ತೋರಿಸಿದರು.

ಪಟ್ಟಿಯಲ್ಲಿ ಇಲ್ಲದ ಬರಹ ಬಂದರೆ ಏನು ಮಾಡಬೇಕೆಂದು ನಾನು ಮೇಸ್ತ್ರಿಗೆ ಹೇಳಿರಲಿಲ್ಲ.

ಡಿಸೆಂಬರ್ ಎರಡನೇ ವಾರ ಅಕಾಲದ ಮಳೆ ಹಿಡಿಯಿತು. ಹಣ್ಣು ಕೊಯ್ದು ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿದ ಹಸಿ ಕಾಫಿ ಕಣದಲ್ಲಿತ್ತು. ಎಲ್ಲವನ್ನೂ ಬಾಚಿ ಒಳಗೆ ತಂದು ಯಂತ್ರಕ್ಕೆ ತುಂಬಿದರು. ಅಲ್ಲಿಯವರೆಗೆ ದಿನಕ್ಕೆ ಮೂರು ನಾಲ್ಕು ಗಂಟೆ ಓಡುತ್ತಿದ್ದ ಯಂತ್ರ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಓಡತೊಡಗಿತು. ಒಲೆಗೂ ಸ್ಟೋರಿಗೂ ನಡುವೆ ಒಂದೇ ಗೋಡೆ, ಅದರಲ್ಲಿ ಪೈಪು ಹಾಯಲು ಬಿಟ್ಟ ಸಂದುಗಳು. ಹೊರಗೆ ಥಂಡಿ. ಹೆಂಗಸರು ಕಿಟಕಿ ಬಾಗಿಲು ಹಾಕಿಕೊಂಡು, ಆ ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು ಕಾಫಿ ಹೆಕ್ಕುತ್ತಿದ್ದರು.

ಮಳೆ ಶುರುವಾದ ದಿನವೇ ಮೇಸ್ತ್ರಿ ಏಣಿ ಹಾಕಿ ಚಿಮಣಿಯ ಬಾಯಿಗೆ ಬಣ್ಣದ ಒಂದು ಖಾಲಿ ಡಬ್ಬವನ್ನು ಮಗುಚಿ ತಂತಿಯಲ್ಲಿ ಕಟ್ಟಿದರು. ಇದರಲ್ಲಿ ನಮಗೆ ಯಾರಿಗೂ ವಿಶೇಷ ಕಾಣಲಿಲ್ಲ. ನಮ್ಮ ಕಡೆ ಆಕಾಶಕ್ಕೆ ಬಾಯಿ ತೆರೆದ ಯಾವ ಪೈಪನ್ನೂ ಹಾಗೇ ಬಿಡುವುದಿಲ್ಲ. ಬೇಲಿಯ ಪೈಪು ಕಂಬಕ್ಕೆ ತೆಂಗಿನ ಚಿಪ್ಪು ಹೊದಿಸುತ್ತೇವೆ, ಗೇಟಿನ ಕಂಬಕ್ಕೆ ಸಿಮೆಂಟ್ ಮೆತ್ತುತ್ತೇವೆ. ನೀರು ಒಳಗಿಳಿದರೆ ಕಬ್ಬಿಣ ಒಂದೇ ಮಳೆಗಾಲಕ್ಕೆ ಹೋಗುತ್ತದೆ. ಚಿಮಣಿಯ ಟೋಪಿ ಇರಲಿಲ್ಲ, ಅದರ ಜಾಗಕ್ಕೆ ಡಬ್ಬ ಬಂತು. ಬಾಯಿಗಿಂತ ನಾಲ್ಕು ಬೆರಳು ಎತ್ತರಕ್ಕೆ ಕಟ್ಟಿದ್ದೆ ಎಂದು ಮೇಸ್ತ್ರಿ ಆಮೇಲೆ ಹೇಳಿದರು. ಗಾಳಿಗೆ ಅದು ಕೆಳಗೆ ಜಾರಿ ಕೂತಿತ್ತು.

ಎರಡು ದಿನದ ನಂತರ ಸ್ಟೋರಿನಲ್ಲಿ ತಲೆನೋವು ಶುರುವಾಯಿತು. ಒಬ್ಬರಿಗಲ್ಲ, ಆರೂ ಜನಕ್ಕೆ. ಮಧ್ಯಾಹ್ನದ ಹೊತ್ತಿಗೆ ಹೆಚ್ಚು, ಸಂಜೆ ಮನೆಗೆ ಹೋದರೆ ಕಡಿಮೆ. ಹಸಿ ಕಾಫಿಯ ಹುಳಿ ವಾಸನೆಗೆ ಇರಬೇಕೆಂದುಕೊಂಡರು. ಮಾಲೀಕರು ಶುಂಠಿ ಟೀ ಮಾಡಿಸಿ ಕೊಟ್ಟರು, ಮಾತ್ರೆ ತರಿಸಿದರು. ನಾನು ಹಾಜರಿ ಪುಸ್ತಕದ ಅಂಚಿನಲ್ಲಿ "ಸ್ಟೋರ್, ತಲೆನೋವು" ಎಂದು ಬರೆದೆ. ಮರುದಿನವೂ ಅದನ್ನೇ ಬರೆದೆ. ಶುಕ್ರವಾರ ಬೆಚ್ಚನೆಯ ಗೋಡೆಯ ಮೇಲಿನ ಅಟ್ಟಣಿಗೆಯಲ್ಲಿ ಮಲಗುತ್ತಿದ್ದ ಸ್ಟೋರಿನ ಬೆಕ್ಕು ಸತ್ತಿತ್ತು. ಇಲಿ ಪಾಷಾಣ ತಿಂದಿರಬೇಕು ಎಂದರು.

ಶನಿವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಸ್ಟೋರಿನ ಹೆಂಗಸು ನನ್ನನ್ನು ಹುಡುಕಿಕೊಂಡು ಆಫೀಸಿಗೆ ಬಂದರು. ಮುಖ ಕೆಂಪಗಿತ್ತು. ಒಂದು ಇದ್ದಿಲು ಚೂರು ತಗೊಂಡು ಆಫೀಸಿನ ನೆಲದ ಮೇಲೆ ನಾಲ್ಕು ಅಕ್ಷರ ಬರೆದರು. ಕಡ್ಡಿ ಕಡ್ಡಿಯೂ ಸರಿಯಾಗಿತ್ತು.

"ಇದು ಬುಧವಾರದಿಂದ ಬತ್ತಾ ಐತೆ. ಮೇಸ್ತ್ರಿ ಕೆಂಪು ಒತ್ತಿ ಕೂಗು ನಿಲ್ಲಿಸ್ತಾವ್ನೆ. ಇದು ಪಟ್ಟೀಲಿ ಇಲ್ಲ, ಮುಖ್ಯದ್ದಾಗಿದ್ರೆ ರೈಟ್ರು ಬರೀತಿದ್ರು, ಅಂದ್ಮೇಲೆ ತೊಂದ್ರೆ ಏನಿಲ್ಲ ಅಂತಾನೆ."

ನಾನು ನೋಡಿದೆ. ಮೂರನೆಯದು ಗೊತ್ತಿತ್ತು, "ಇಲ್ಲ" ಎನ್ನುವ ಅರ್ಥದ್ದು. ಉಳಿದ ಮೂರು ಗೊತ್ತಿರಲಿಲ್ಲ.

ಅವರು ಎರಡನೆಯದರ ಮೇಲೆ ಬೆರಳಿಟ್ಟರು. "ಈ ಎಡಗಡೇದು ಬೆಂಕಿ. ಆಟದಲ್ಲಿ ಬತ್ತದಲ್ಲ, ಆ ಬೆಂಕಿ. ಬಲಗಡೇಲಿ ಒಂದು ಪೆಟ್ಟಿಗೆ, ಅದ್ರೊಳಗೆ ಒಬ್ಬ ಕೈ ಚಾಚ್ಕಂಡು ನಿಂತವ್ನೆ. ಬೆಂಕಿ ಪಕ್ಕ ಪೆಟ್ಟಿಗೇಲಿ ಮನುಷ್ಯ. ನಮ್ ಸ್ಟೋರಿನ ಹಂಗೇ ಐತೆ ನೋಡಿ." ಹೇಳಿ ನಕ್ಕರು. ನಂತರ ಹಣೆ ಒತ್ತಿಕೊಂಡರು.

"ನೋಡ್ತೀನಿ ಅಕ್ಕ, ಖಚಿತ ಮಾಡ್ಕಂಡು ಹೇಳ್ತೀನಿ" ಎಂದೆ.

ತಿರುವಿಗೆ ಹೋದೆ. ಸಿಗ್ನಲ್ ಇರಲಿಲ್ಲ. ಮಳೆಗೆ ಎಲ್ಲೋ ಮರ ಬಿದ್ದು ಟವರಿನ ಕಡೆಯ ಕರೆಂಟು ಹೋಗಿ, ಅದರ ಬ್ಯಾಟರಿಯೂ ಮುಗಿದಿತ್ತು. ಉದುರುವ ಅಕ್ಷರಗಳ ಆಟ ತೆರೆಯಲಿಲ್ಲ. ಬೇರೇನನ್ನೂ ಹುಡುಕುವಂತಿರಲಿಲ್ಲ. ಉಳಿದದ್ದು ಜೋಡಿ ಹುಡುಕುವ ಆಟ. ಅದರಲ್ಲಿ ನಾನು ಹದಿನೇಳನೇ ಹಂತದಲ್ಲಿದ್ದೆ. ಯಾವ ಹಂತದಲ್ಲಿ ಯಾವ ಅಕ್ಷರ ಬರುತ್ತದೆಂದು ಮುಂಚೆ ತಿಳಿಯುವ ದಾರಿ ಇಲ್ಲ. ಆಡುತ್ತಾ ಹೋದೆ. ಹದಿನೆಂಟರಲ್ಲಿ ಹಣ್ಣುಗಳು, ಹತ್ತೊಂಬತ್ತರಲ್ಲಿ ಬಟ್ಟೆ, ಇಪ್ಪತ್ತರಲ್ಲಿ ಹಕ್ಕಿಗಳು. ಭಾನುವಾರ ಸ್ಟೋರಿಗೆ ರಜೆ. ಆ ದಿನ ಎರಡು ಹಂತ ಮುಗಿಸಿದೆ, ದೇಹದ ಅಂಗಗಳು ಮತ್ತು ವಾಹನಗಳು. ಬೇಕಾದದ್ದು ಬರಲಿಲ್ಲ. ಸೋಮವಾರ ಸ್ಟೋರ್ ತೆರೆಯಿತು, ಒಲೆ ಹೊತ್ತಿತು, ತಲೆನೋವು ಮತ್ತೆ ಬಂತು. ಒಬ್ಬರು ವಾಂತಿ ಮಾಡಿಕೊಂಡರು.

ಸೋಮವಾರ ಸಂಜೆ ಐದರ ಹೊತ್ತಿಗೆ, ಇಪ್ಪತ್ಮೂರನೇ ಹಂತದಲ್ಲಿ, ಎಲೆ ಮಗುಚಿದಾಗ ಬೆಂಕಿಯ ಪಕ್ಕದ ಪೆಟ್ಟಿಗೆ ಕಂಡಿತು. ಅದರ ಜೋಡಿ ಎಲೆಯಲ್ಲಿದ್ದದ್ದು ಒಂದು ಮನೆ, ಮನೆಯ ಮಾಡಿನಿಂದ ಏಳುತ್ತಿರುವ ಹೊಗೆ.

ಮಾಲೀಕರ ಬಳಿ ಹೋಗಿ ಹೇಳಿದೆ. "ನಾಲ್ಕರಲ್ಲಿ ಎರಡು ಸಿಕ್ಕಿದೆ ಸಾರ್. ಹೊಗೆ ಅಂತೈತೆ, ಇಲ್ಲ ಅಂತೈತೆ."

"ಹೊಗೆ ಇಲ್ಲ ಅಂದ್ರೆ ಒಳ್ಳೇದೇ ಅಲ್ವೇನ್ರೀ?"

"ಹಂಗೆ ಹೇಳಕ್ಕಾಗಲ್ಲ. ಇನ್ನೆರಡು ಗೊತ್ತಿಲ್ಲ."

"ಡ್ರಮ್ ತುಂಬ ಹಸಿ ಕಾಫಿ ಐತೆ. ಈಗ ನಿಲ್ಲಿಸಿದ್ರೆ ಎಲ್ಲಾ ಬೂಸ್ಲು. ನಿಲ್ಲಿಸಲೇಬೇಕು ಅಂತ ಹೇಳಿ, ನಿಲ್ಲಿಸ್ತೀನಿ. ಹೇಳ್ತೀರ?"

ನಾನು ಹೇಳಲಿಲ್ಲ. ನಾಳೆ ಸಿಗ್ನಲ್ ಬಂದ ಕೂಡಲೇ ಖಚಿತ ಮಾಡಿಕೊಂಡು ಹೇಳುತ್ತೇನೆ ಎಂದೆ. ಅವರು ತಲೆಯಾಡಿಸಿದರು.

ಮಂಗಳವಾರ ಹಾಜರಿ, ಕೆಲಸದ ಹಂಚಿಕೆ ಮುಗಿಯುವಾಗ ಹತ್ತೂವರೆ ದಾಟಿತ್ತು. ಮಳೆ ಬಿಟ್ಟಿತ್ತು. ತಿರುವಿಗೆ ಹೋದೆ. ಸಿಗ್ನಲ್ ಇನ್ನೂ ಬಂದಿರಲಿಲ್ಲ. ಮೊಬೈಲನ್ನು ಎತ್ತಿ ಹಿಡಿದು ಒಂದು ಕಾಲು ಗಂಟೆ ಅತ್ತಿತ್ತ ಓಡಾಡಿದೆ. ಹಾಗೆ ಎತ್ತಿ ಹಿಡಿದಿದ್ದಾಗ ಕೆಳಗೆ ಸ್ಟೋರಿನ ಮಾಡು, ಅದರಾಚೆ ಚಿಮಣಿ, ಚಿಮಣಿಯ ತಲೆಗೆ ಡಬ್ಬ ಕಂಡವು. ಆ ಡಬ್ಬವನ್ನು ಎಂಟು ದಿನದಿಂದ ನೋಡುತ್ತಲೇ ಇದ್ದೆ. ಒಲೆ ಉರಿಯಲು ಶುರುವಾಗಿ ಐದು ಗಂಟೆಯಾಗಿತ್ತು. ಆ ಚಿಮಣಿಯಿಂದ ಎಳೆಯಷ್ಟೂ ಹೊಗೆ ಏಳುತ್ತಿರಲಿಲ್ಲ.

ಓಡಿದೆ. ತಿರುವಿನಿಂದ ಸ್ಟೋರಿಗೆ ಇಳಿಜಾರು, ಆರೇಳು ನಿಮಿಷದ ದಾರಿ. ಬಾಗಿಲು ನೂಕಿದಾಗ ನಾಲ್ವರು ಎದ್ದು ನಿಲ್ಲಲು ನೋಡುತ್ತಿದ್ದರು, ನಿಲ್ಲಲಾಗುತ್ತಿರಲಿಲ್ಲ. ಸ್ಟೋರಿನ ಹೆಂಗಸು ಗೋಡೆಗೆ ಒರಗಿ ಬಾಗಿದ್ದರು. ಮೊರ ಮಡಿಲಲ್ಲೇ ಇತ್ತು. ಅವರ ಪಕ್ಕದ ಹೆಂಗಸು ಮೂಟೆಗಳ ಮೇಲೆ ಅಡ್ಡ ಬಿದ್ದಿದ್ದರು. ಕೋಣೆಯಲ್ಲಿ ಕಣ್ಣಿಗೆ ಕಾಣುವಂಥ ಹೊಗೆ ಇರಲಿಲ್ಲ, ಕಾಫಿಯ ಹಬೆ ಅಷ್ಟೇ. ನಾನೂ ಮೇಸ್ತ್ರಿಯೂ ಆರು ಜನರನ್ನೂ ಕಣಕ್ಕೆ ತಂದೆವು. ಮೇಸ್ತ್ರಿ ಒಲೆಯ ಬೆಂಕಿಯನ್ನು ಹೊರಗೆಳೆದು ನೀರು ಹಾಕಿದರು. "ಪಟ್ಟೀಲಿ ಇರ್ಲಿಲ್ಲ ರೈಟ್ರೇ, ಪಟ್ಟೀಲಿ ಇರ್ಲಿಲ್ಲ" ಎಂದು ಅದನ್ನೇ ಹೇಳುತ್ತಿದ್ದರು.

ಸಕಲೇಶಪುರದ ಆಸ್ಪತ್ರೆಗೆ ಜೀಪಿನಲ್ಲಿ ಒಂದೂವರೆ ಗಂಟೆ. ನಾಲ್ವರಿಗೆ ಹೊರಗಿನ ಗಾಳಿಗೆ ಎಚ್ಚರ ಸರಿಯಾಯಿತು, ಅವರನ್ನು ಮೇಸ್ತ್ರಿಯ ಬಳಿ ಬಿಟ್ಟು ಬಿದ್ದ ಇಬ್ಬರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಮಾಲೀಕರೇ ಓಡಿಸಿದರು. ಪೇಟೆ ಹತ್ತಿರ ಬಂದಾಗ ಹೇಳಿದರು:

"ಥಂಡಿಗೆ ತಲೆ ಸುತ್ತು ಅನ್ನಿ. ಹೊಟ್ಟೆಗೆ ಏನೂ ತಿಂದಿರ್ಲಿಲ್ಲ ಅನ್ನಿ. ಮಿಷನ್ ಸುದ್ದಿ ಬ್ಯಾಡ. ಅದ್ರ ಕಾಗದ ಪತ್ರ ಇನ್ನೂ ಆಗಿಲ್ಲ. ನಿಮಗೇ ಪೂರ್ತಿ ಗೊತ್ತಿಲ್ಲ ಅಂದ್ರಲ್ಲ."

ಅದು ನಿಜ. ನನ್ನ ಕೈಯಲ್ಲಿದ್ದದ್ದು ಮಕ್ಕಳ ಆಟದ ಒಂದು ಎಲೆ, ದೂರದಿಂದ ಕಂಡ ಒಂದು ಡಬ್ಬ. ನಾಲ್ಕು ಅಕ್ಷರಗಳಲ್ಲಿ ಎರಡು. ಡೆಸ್ಕಿನಲ್ಲಿದ್ದಿದ್ದರೆ ಆ ಸುದ್ದಿಯನ್ನು ನಾನೇ ತಡೆಹಿಡಿಯುತ್ತಿದ್ದೆ.

ಕರ್ತವ್ಯದಲ್ಲಿದ್ದ ವೈದ್ಯೆ ಇಬ್ಬರ ಕಣ್ಣು ಬಿಡಿಸಿ ನೋಡಿ, "ಏನಾಯ್ತು?" ಎಂದು ಕೇಳಿದರು. ಮಾಲೀಕರು ಬಾಯಿ ತೆರೆಯುವ ಮೊದಲೇ ಹೇಳಿದೆ.

"ಒಲೆಯ ಹೊಗೆ. ಚಿಮಣಿ ಮುಚ್ಚಿತ್ತು. ಒಂದು ವಾರದಿಂದ ಎಲ್ಲರಿಗೂ ತಲೆನೋವಿತ್ತು. ಒಂದು ಬೆಕ್ಕು ಸತ್ತಿದೆ."

ವೈದ್ಯೆ ಎರಡು ನಿಮಿಷದೊಳಗೆ ಇಬ್ಬರಿಗೂ ಆಮ್ಲಜನಕದ ಮಾಸ್ಕ್ ಹಾಕಿಸಿದರು. ಆಂಬುಲೆನ್ಸಿಗೆ ಹೇಳಿ, ಹಾಸನಕ್ಕೆ ಫೋನ್ ಮಾಡಿದರು. ಅದೆಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿದರು. "ತಲೆಸುತ್ತು ಅಂತ ಬಂದಿದ್ರೆ ನಾನು ಗ್ಲೂಕೋಸ್ ಹಾಕಿ ಕೂರಿಸ್ತಿದ್ದೆ. ಹೊಗೆ ಕಟ್ಕೊಂಡ ಒಲೆಯಿಂದ ಬರೋ ವಿಷಾನಿಲಕ್ಕೆ ಬಣ್ಣಾನೂ ಇಲ್ಲ, ವಾಸನೇನೂ ಇಲ್ಲ. ಬೆರಳಿಗೆ ಹಾಕೋ ಮೀಟರಲ್ಲೂ ಗೊತ್ತಾಗಲ್ಲ" ಎಂದರು. ಮಾಲೀಕರು ಹೊರಗೆ ಹೋಗಿ ಜೀಪಿನಲ್ಲಿ ಕುಳಿತರು.

ಹಾಸನದ ಆಸ್ಪತ್ರೆಯ ವರಾಂಡದಲ್ಲಿ ಸಿಗ್ನಲ್ ಇತ್ತು. ಸಂಜೆ ನಾಲ್ಕಕ್ಕೆ ನಾಲ್ಕೂ ಅಕ್ಷರಗಳನ್ನು ಬೆರಳಲ್ಲಿ ಬರೆದು ಹುಡುಕಿದೆ. ಹೊಗೆ ಹೊರಹೋಗುವುದು ಸರಾಗವಿಲ್ಲ ಎಂದು ಬಂತು. ಎರಡನೇ ಕಡೆಯಿಂದಲೂ ಅದೇ ಬಂತು. ಅಷ್ಟು ಹೊತ್ತಿಗೆ ಮಗಳು ಹಾಸ್ಟೆಲಿನಿಂದ ಬಂದು ತಾಯಿಯ ಹಾಸಿಗೆಯ ಬಳಿ ನಿಂತಿದ್ದಳು.

ಎರಡು ದಿನದ ನಂತರ ಘಟನೆಯ ವಿವರ ಬರೆದುಕೊಡಲು ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು ಕೇಳಿದರು. ಬರೆದೆ. ಡಬ್ಬ ಕಟ್ಟಿದ ದಿನ, ಪರದೆಯಲ್ಲಿ ಬರಹ ಮೊದಲು ಕಂಡ ದಿನ, ಶನಿವಾರ ನನಗೆ ತಿಳಿಸಿದ್ದು, ಸೋಮವಾರ ಸಂಜೆ ಒಂದು ಅಕ್ಷರದ ಅರ್ಥ ಸಿಕ್ಕಿದ್ದು, ನಿಲ್ಲಿಸಲು ಹೇಳದೆ ಇದ್ದದ್ದು. ಮಾಲೀಕರು ಓದಿದರು.

"ಇದ್ರಲ್ಲಿ ನಿಮ್ ತಪ್ಪೂ ಬರ್ದಿದ್ದೀರಲ್ರೀ."

"ಆಗಿದ್ದು ಬರ್ದಿದ್ದೀನಿ ಸಾರ್."

ಅವರು ಕಾಗದ ಮಡಿಸಿ ವಾಪಸು ಕೊಟ್ಟರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಯಂತ್ರದ ಒಲೆಯನ್ನು ಸ್ಟೋರಿನಿಂದ ದೂರಕ್ಕೆ, ಬಯಲಿಗೆ ಸರಿಸಿದ್ದಾರೆ. ಚಿಮಣಿಗೆ ಕುಂದೂರಿನ ವೆಲ್ಡರ್ ಕೈಯಲ್ಲಿ ಟೋಪಿ ಮಾಡಿಸಿದ್ದಾರೆ. ಪಟ್ಟಿಯಲ್ಲಿ ಈಗ ಮೂವತ್ತೆರಡು ಬರಹಗಳಿವೆ. ಎಲ್ಲಕ್ಕಿಂತ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು: ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಒಲೆ ಆರಿಸಿ, ಎಲ್ಲರೂ ಹೊರಗೆ ಬನ್ನಿ. ಮೇಸ್ತ್ರಿಗೆ ಅದನ್ನು ಬಾಯಿಪಾಠ ಮಾಡಿಸಿದ್ದೇನೆ.

ಬಿದ್ದ ಇಬ್ಬರಲ್ಲಿ ಮೂಟೆಗಳ ಮೇಲೆ ಬಿದ್ದಿದ್ದವರು ನಾಲ್ಕನೇ ದಿನ ಮನೆಗೆ ಹೋದರು, ಈಗ ಕೆಲಸಕ್ಕೆ ಬರುತ್ತಿದ್ದಾರೆ. ಸ್ಟೋರಿನ ಹೆಂಗಸು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು, ನಡೆದುಕೊಂಡೇ ಹೊರಬಂದು ಮಗ್ಗೆಗೆ ಹೋದರು. ಮೂರು ವಾರ ಚೆನ್ನಾಗಿದ್ದರು. ಆಮೇಲೆ ಮರೆವು ಶುರುವಾಯಿತು. ಒಲೆಯ ಮೇಲೆ ಇಟ್ಟದ್ದು ಮರೆಯುತ್ತಿತ್ತು, ಬಸ್ಸು ಇಳಿಯುವ ಜಾಗ ಮರೆಯುತ್ತಿತ್ತು. ಈ ಅನಿಲದ ಪೆಟ್ಟು ಕೆಲವರಲ್ಲಿ ತಡವಾಗಿ ಬರುತ್ತದೆ, ತಿಂಗಳುಗಳಲ್ಲಿ ಸರಿಯಾಗಬಹುದು, ಆಗದೆಯೂ ಇರಬಹುದು ಎಂದು ವೈದ್ಯರು ಹೇಳಿದರು. ನೆನಪಿಗೆ ಕೆಲಸ ಕೊಡುವಂಥ ಏನನ್ನಾದರೂ ದಿನವೂ ಮಾಡಿಸಿ ಎಂದರು. ಮಗಳು ನನ್ನಿಂದ ಜೋಡಿ ಹುಡುಕುವ ಆಟದ ಹೆಸರು ಕೇಳಿ ತನ್ನ ಮೊಬೈಲಿಗೆ ಹಾಕಿಕೊಂಡಳು. ಶನಿವಾರ ಭಾನುವಾರ ಊರಿಗೆ ಹೋದಾಗ ತಾಯಿಯ ಕೈಗೆ ಕೊಡುತ್ತಾಳೆ, ಸಂಜೆ ನನಗೆ ಫೋನ್ ಮಾಡಿ ಅಂಕ ಹೇಳುತ್ತಾಳೆ.

ಕಳೆದ ಭಾನುವಾರದ್ದು ಮೊದಲನೇ ಹಂತ, ಹತ್ತು ಜೋಡಿಗಳಲ್ಲಿ ನಾಲ್ಕು ಸರಿ. ಎರಡನೇ ಹಂತ ತೆರೆಯಲು ಏಳು ಬೇಕು.